ಎತ್ತಿದ ಹೂಳನ್ನು ಎಲ್ಲಿ ಸುರಿದಿರಿ?

ಮಂಗಳೂರಿನ ಕಸಬಾ ಬೆಂಗ್ರೆಯಲ್ಲಿ ನಮಗೆ ಪರಿಚಯದ ಹಿರಿಯ ಹೆಂಗಸೊಬ್ಬರಿದ್ದಾರೆ. ನಾವು ಖಾಲಾ ಎಂದೇ ಕರೆಯುವುದು. ನಲವತ್ತು ವರ್ಷ ಅಳಿವೆಯ ನೀರಿಗಿಳಿದು ಮರುವಾಯಿ ಹೆಕ್ಕಿ, ಅದನ್ನು ಮಾರಿ ಮಕ್ಕಳನ್ನು ಸಾಕಿದವರು. ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಬುಟ್ಟಿಯನ್ನು ನಮ್ಮ ಮುಂದೆ ಇಟ್ಟು, "ನೋಡು ಮೋನೇ, ಒಡೆದರೆ ಒಳಗೆ ಬರೀ ಕೆಸರು. ಇಡೀ ರಾತ್ರಿ ನೀರಿನಲ್ಲಿಟ್ಟರೂ ಹೋಗುವುದಿಲ್ಲ. ಅದೇನೋ ಹೂಳೆತ್ತುತ್ತಾರಂತಲ್ಲ, ಎತ್ತಿದ್ದನ್ನು ಎಲ್ಲಿ ಹಾಕುತ್ತಾರೆ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡು ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಕಡತದಿಂದ ತಲೆ ಎತ್ತದೆಯೇ, "ಸಮುದ್ರಕ್ಕೆ ಸಾರ್, ಇನ್ನೆಲ್ಲಿಗೆ? ಸಮುದ್ರದಿಂದ ಬಂದದ್ದು ಸಮುದ್ರಕ್ಕೆ" ಎಂದರು. ಕೇಳಲು ತತ್ವಪದದಂತಿರುವ ಈ ಮಾತಿನ ಮೇಲೆಯೇ ನಮ್ಮ ತಕರಾರು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಖಾಲಾರ ಬುಟ್ಟಿಯ ಕೆಸರು ಡ್ರೆಜ್ಜರಿನದೇ ಎಂದು ನಾವು ಆಣೆ ಮಾಡಿ ಹೇಳಲಾರೆವು. ನೇತ್ರಾವತಿ ಮತ್ತು ಫಲ್ಗುಣಿ ಎರಡೂ ಅದೇ ಬಾಗಿಲಿನಿಂದ ಕಡಲಿಗೆ ಸೇರುತ್ತವೆ. ಘಟ್ಟದ ಮಣ್ಣು, ಊರಿನ ಚರಂಡಿ ಎಲ್ಲವೂ ಅಲ್ಲಿಗೇ ಬರುತ್ತದೆ. ಹೂಳೆತ್ತುವುದೇ ಬೇಡ ಎನ್ನುವವರೂ ನಾವಲ್ಲ. ಅಳಿವೆ ಬಾಗಿಲಿನ ಮರಳ ದಿಬ್ಬಕ್ಕೆ ಬಡಿದು ದೋಣಿ ಮಗುಚಿ ಸತ್ತವರ ಮನೆಗಳು ಬೆಂಗ್ರೆಯಲ್ಲೂ ಇವೆ, ಉಳ್ಳಾಲದಲ್ಲೂ ಇವೆ. ಮೊಗವೀರರಿಗಾಗಲಿ ಬ್ಯಾರಿಗಳಿಗಾಗಲಿ ಆಳವಾದ ದಾರಿ ಬೇಕೇ ಬೇಕು. ಆದರೆ ಎತ್ತುವುದು ಅರ್ಧ ಕೆಲಸ. ಉಳಿದರ್ಧದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಶುರುವಾದದ್ದು. ಅದು ಪ್ರಕೃತಿ ಕೊಟ್ಟ ಕೊಲ್ಲಿಯಲ್ಲ, ದಡವನ್ನು ಒಳಕ್ಕೆ ಅಗೆದು ಮಾಡಿದ ಕೃತಕ ಸರೋವರ. ಅಲ್ಲಿಗೆ ದೊಡ್ಡ ಹಡಗುಗಳು ಬರಬೇಕಾದರೆ ಕಡಲಿನೊಳಗೆ ಮೈಲಿಗಟ್ಟಲೆ ಉದ್ದದ ಕಾಲುವೆಯನ್ನು ಸದಾ ಆಳವಾಗಿ ಇಟ್ಟಿರಬೇಕು. ಕಡಲು ಸುಮ್ಮನಿರುತ್ತದೆಯೇ? ಪ್ರತಿ ಮಳೆಗಾಲದಲ್ಲಿ ತೆರೆಗಳು ತಳದ ಕೆಸರನ್ನು ಕಲಕಿ ತಂದು ಆ ಕಾಲುವೆಯನ್ನು ತುಂಬಿಸುತ್ತವೆ. ಮಳೆ ನಿಂತ ಮೇಲೆ ಡ್ರೆಜ್ಜರ್ ಬಂದು ಅದನ್ನು ಎತ್ತುತ್ತದೆ. ವರ್ಷಕ್ಕೆ ಹತ್ತಾರು ಲಕ್ಷ ಘನ ಮೀಟರ್‌ಗಳ ಲೆಕ್ಕದ ಕೆಲಸವಿದು, ಕೋಟಿಗಳ ಗುತ್ತಿಗೆ.

ಈ ಯಂತ್ರವನ್ನು ಹತ್ತಿರದಿಂದ ನೋಡಿದವರು ಕಡಿಮೆ. 2019ರಲ್ಲಿ ಎರಡು ತಿಂಗಳೊಳಗೆ ಇಲ್ಲಿ ಒಂದು ಡ್ರೆಜ್ಜರ್ ಮುಳುಗಿತು, ಇನ್ನೊಂದನ್ನು ನೀರು ನುಗ್ಗಿದ ಸ್ಥಿತಿಯಲ್ಲಿ ಸುರತ್ಕಲ್ ಕಡೆಯ ದಡಕ್ಕೆ ತಂದು ನಿಲ್ಲಿಸಬೇಕಾಯಿತು. ಆಗ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದರು. ಅದರ ಕೆಲಸ ಸರಳ. ಉದ್ದನೆಯ ಕೊಳವೆಯನ್ನು ಕಡಲ ತಳಕ್ಕಿಳಿಸಿ, ಕಸ ಗುಡಿಸುವ ಯಂತ್ರದಂತೆ ಎಳೆಯುತ್ತಾ ಕೆಸರು ನೀರನ್ನು ಹೊಟ್ಟೆಗೆ ಹೀರಿಕೊಳ್ಳುತ್ತದೆ. ಹೊಟ್ಟೆ ತುಂಬಿದಂತೆ ಹೆಚ್ಚಾದ ನೀರು, ಅದರ ಜೊತೆ ನಯವಾದ ಕೆಸರು, ಹೊರಗೆ ಚೆಲ್ಲುತ್ತದೆ. ಆಮೇಲೆ ಹೊರಗಡಲಿಗೆ ಹೋಗಿ ತಳದ ಬಾಗಿಲು ತೆಗೆಯುತ್ತದೆ. ಕೆಲವೇ ನಿಮಿಷ, ಹೊಟ್ಟೆ ಖಾಲಿ. ಎಷ್ಟು ದೂರ ಹೋಗಿ ಸುರಿಯಬೇಕು ಎಂಬುದಕ್ಕೆ ಡೀಸೆಲ್ ಖರ್ಚಾಗುತ್ತದೆ, ಸಮಯ ಖರ್ಚಾಗುತ್ತದೆ. ಗುತ್ತಿಗೆದಾರನ ಬಿಲ್ಲು ಮಾತ್ರ ಎತ್ತಿದ ಘನ ಮೀಟರಿನ ಮೇಲೆ ಅಥವಾ ಕಾಪಾಡಿದ ಆಳದ ಮೇಲೆ. ಹೀಗಿರುವಾಗ ಸುರಿದ ಜಾಗದ ಬಗ್ಗೆ ಅವನಿಗೆ ಯಾಕೆ ತಲೆನೋವು? ನಾವು ಅವನನ್ನು ಬಯ್ಯುವುದಿಲ್ಲ. ಅವನಿಗೆ ಅಂಥ ಲೆಕ್ಕ ಬರೆದುಕೊಟ್ಟವರು ಯಾರು?

ನಾವು ಉರ್ದು ಶಾಲೆಯಲ್ಲಿ ಓದುವಾಗ 'ಬಂದರ್' ಎಂದು ಬರೆದರೆ ಹಡಗು ನಿಲ್ಲುವ ಜಾಗವೂ ಆಗುತ್ತಿತ್ತು, ಮಂಗವೂ ಆಗುತ್ತಿತ್ತು. ಕನ್ನಡಕ್ಕೆ ಬಂದ ಮೇಲೆ 'ಹೂಳು' ಎಂಬ ಪದ ಸಿಕ್ಕಿತು. ಅದೂ ಹಾಗೆಯೇ. ತಳದಲ್ಲಿ ಕೂತ ಕೆಸರೂ ಹೂಳು, ಮಣ್ಣಿನಲ್ಲಿ ಮುಚ್ಚಿಬಿಡುವುದೂ ಹೂಳು. ನಮ್ಮ ಬಂದರುಗಳ ಕಾಗದಪತ್ರದಲ್ಲಿ ಈ ಎರಡನೆಯ ಅರ್ಥವೇ ಗಟ್ಟಿಯಾಗಿ ಕುಳಿತಿದೆ. ಅಲ್ಲಿನ ಮಾತು 'ವಿಲೇವಾರಿ'. ಸತ್ತ ನಾಯಿಗೂ ವಿಲೇವಾರಿ, ಕಡತಕ್ಕೂ ವಿಲೇವಾರಿ, ಹೂಳಿಗೂ ವಿಲೇವಾರಿ.

ಆದರೆ ಹೂಳೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಮರಳಿದೆ, ಜೇಡಿಯಿದೆ. ಮರಳು ದಡದ ಸೊತ್ತು. ನಮ್ಮ ಕಡಲತೀರದಲ್ಲಿ ತೆರೆಗಳ ಜೊತೆ ಅದು ದಡದುದ್ದಕ್ಕೂ ಸಾಗುತ್ತಿರುತ್ತದೆ, ಒಂದು ಊರಿನಿಂದ ಹೊರಟು ಇನ್ನೊಂದು ಊರಿನ ತೀರವನ್ನು ಕಟ್ಟುತ್ತದೆ. ನಡುವೆ ಕಲ್ಲಿನ ತಡೆಗೋಡೆ ಕಟ್ಟಿದರೆ ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಹಸಿವು. ಹಾಗೆ ಸಿಕ್ಕಿಬಿದ್ದ ಮರಳನ್ನು ಡ್ರೆಜ್ಜರಿನಲ್ಲಿ ಎತ್ತಿ ಆಳ ಸಮುದ್ರಕ್ಕೆ ಎಸೆದರೆ ಅದು ದಡಕ್ಕೆ ಮತ್ತೆ ಬರುವುದಿಲ್ಲ. ಸಮುದ್ರದಿಂದ ಬಂದದ್ದು ಸಮುದ್ರಕ್ಕೆ ಎನ್ನುವವರು ಇದನ್ನು ಮರೆಯುತ್ತಾರೆ. ಅದು ಸಮುದ್ರದಿಂದ ಬಂದದ್ದಲ್ಲ, ಯಾವುದೋ ಊರಿನ ದಡದಿಂದ ಬಂದದ್ದು.

ಉಳ್ಳಾಲದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಳಿವೆ ಬಾಗಿಲಿಗೆ ತಡೆಗೋಡೆ ಬಂದ ಮೇಲೆ ಮುಕ್ಕಚ್ಚೇರಿ, ಕೈಕೋ, ಮೊಗವೀರಪಟ್ಣಗಳಲ್ಲಿ ಮನೆಗಳು, ತೆಂಗಿನ ಮರಗಳು ಕಡಲು ಸೇರಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಪ್ರತಿ ಮಳೆಗಾಲದಲ್ಲಿ ಲಾರಿಗಟ್ಟಲೆ ಬಂಡೆ ತಂದು ಹಾಕುವುದು, ಮುಂದಿನ ಮಳೆಗಾಲಕ್ಕೆ ಅದು ಮರಳಿನಲ್ಲಿ ಇಳಿದುಹೋಗುವುದು, ಮತ್ತೆ ಬಂಡೆ. 2010ರಲ್ಲಿ ಮಂಜೂರಾದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ತಡೆಗೋಡೆ ಸರಿಪಡಿಸಿ, ಕಡಲೊಳಗೆ ಕೃತಕ ಬಂಡೆಸಾಲು ಹಾಕಿದರು. ಆಮೇಲೆ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯ ಕಡೆಯಿಂದ ಕೊರೆತದ ಸುದ್ದಿ ಬರತೊಡಗಿತು. ಒಂದು ಕಡೆ ಮರಳಿಲ್ಲವೆಂದು ಸಾಲ ಮಾಡಿ ಬಂಡೆ ಹಾಕುವುದು, ಇನ್ನೊಂದು ಕಡೆ ಮರಳು ಹೆಚ್ಚಾಯಿತೆಂದು ದುಡ್ಡು ಕೊಟ್ಟು ಎತ್ತಿಸುವುದು! ಎರಡೂ ಸರಕಾರದ ಕೆಲಸವೇ. ಎರಡು ಇಲಾಖೆಗಳ ನಡುವೆ ಒಂದು ಫೋನ್ ಇಲ್ಲವೇ?

ಇದು ಆಗದ ಕೆಲಸವೇನಲ್ಲ. ವಿಶಾಖಪಟ್ಟಣದಲ್ಲಿ ಬಂದರಿನ ತಡೆಗೋಡೆಯ ಬಳಿ ಮರಳು ಬಂದು ಕೂರಲೆಂದೇ ತಳದಲ್ಲಿ ಗುಂಡಿ ಇಟ್ಟು, ಅಲ್ಲಿ ಶೇಖರವಾದುದನ್ನು ಎತ್ತಿ ಉತ್ತರದ ಕಡಲತೀರಕ್ಕೆ ಸುರಿಯುವ ಪದ್ಧತಿ ಹಲವು ದಶಕಗಳಿಂದ ಇದೆ. ಅದು ಎಲ್ಲ ವರ್ಷ ಸರಿಯಾಗಿ ನಡೆದಿಲ್ಲ, ಅಲ್ಲೂ ದಡ ಕೊರೆದಿದೆ. ಆದರೂ ಬಂದರಿನಿಂದಾದ ಕೊರತೆಯನ್ನು ಬಂದರೇ ತುಂಬಿಕೊಡಬೇಕು ಎಂಬ ಒಪ್ಪಂದದ ಮಾತು ಅಲ್ಲಿದೆ. ನಮ್ಮಲ್ಲಿ ಆ ಮಾತೂ ಇಲ್ಲ.

ನವಮಂಗಳೂರಿನ ಕಾಲುವೆಯಲ್ಲಿ ಬರುವುದು ಹೆಚ್ಚಾಗಿ ಕೆಸರು, ಮರಳಲ್ಲ, ಅದನ್ನು ದಡಕ್ಕೆ ಹಾಕಲಾಗದು ಎಂಬ ವಾದವಿದೆ. ವಾದ ಸರಿ. ಕೆಸರನ್ನು ಬೀಚಿಗೆ ಸುರಿದರೆ ಮೊದಲು ಬೊಬ್ಬೆ ಹಾಕುವವರು ನಾವೇ. ಆದರೆ ಕೆಸರಿನ ಕತೆ ಮರಳಿಗಿಂತ ಕಷ್ಟದ್ದು. ಮರಳಿನ ಕಾಳಿಗೆ ವಿಷ ಅಷ್ಟಾಗಿ ಅಂಟುವುದಿಲ್ಲ, ನಯವಾದ ಜೇಡಿಗೆ ಅಂಟುತ್ತದೆ. ಕಾರ್ಖಾನೆಯ ಸೀಸ, ಪಾದರಸ, ಹಡಗಿನ ಎಣ್ಣೆ, ಹಡಗಿನ ತಳಕ್ಕೆ ಚಿಪ್ಪು ಹತ್ತದಂತೆ ಹಿಂದೆ ಬಳಿಯುತ್ತಿದ್ದ ತವರದ ವಿಷದ ಬಣ್ಣ, ಎಲ್ಲವೂ. ಆ ಬಣ್ಣಕ್ಕೆ ಜಗತ್ತು 2008ರಲ್ಲಿ ನಿಷೇಧ ಹಾಕಿತು. ಆದರೆ ಅದಕ್ಕೂ ಮೊದಲು ಬಂದರುಗಳ ತಳ ಸೇರಿದ್ದು ಅಷ್ಟು ಬೇಗ ಕರಗುವಂಥದ್ದಲ್ಲ. ಗಾಳಿಯಿಲ್ಲದ ತಳದಲ್ಲಿ ಇಂಥ ಲೋಹಗಳು ಬಹುಮಟ್ಟಿಗೆ ಕಟ್ಟಿಕೊಂಡು ಮಲಗಿರುತ್ತವೆ. ಕಲಕಿದಾಗ ಎದ್ದು ನೀರಿಗೆ ಬರುತ್ತವೆ, ನೀರಿನಿಂದ ಚಿಪ್ಪಿಗೆ, ಸಿಗಡಿಗೆ, ತಳದಲ್ಲೇ ಬದುಕುವ ನಂಗ್ ಮೀನಿಗೆ. ಆಮೇಲೆ ನಮ್ಮ ನಿಮ್ಮ ಬಟ್ಟಲಿಗೆ. ಆದ್ದರಿಂದಲೇ ಕಡಲಿಗೆ ಸುರಿಯುವುದರ ಬಗೆಗಿನ 1972ರ ಲಂಡನ್ ಒಪ್ಪಂದ ಮತ್ತು ಅದರ 1996ರ ಪ್ರೋಟೋಕಾಲ್‌ನಲ್ಲಿ, ಹೂಳನ್ನು ಸುರಿಯುವ ಮೊದಲು ಪರೀಕ್ಷಿಸು, ಬೇರೆ ಉಪಯೋಗವಿದೆಯೇ ನೋಡು, ವಿಷ ಎಲ್ಲಿಂದ ಬಂತೆಂದು ಹುಡುಕು ಎಂಬ ಕ್ರಮವಿದೆ.

ಹುಡುಕಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿಗೆ ರೈನ್ ನದಿ ಹೊತ್ತು ತರುತ್ತಿದ್ದ ಕೆಸರು ಕಡಲಿಗೂ ಹಾಕಲಾಗದಷ್ಟು, ಹೊಲಕ್ಕೂ ಹಾಕಲಾಗದಷ್ಟು ಕೆಟ್ಟುಹೋಗಿತ್ತು. ಅವರು ಕಡಲ ಬದಿಯಲ್ಲಿ 15 ಕೋಟಿ ಘನ ಮೀಟರ್ ಹಿಡಿಯುವ, ಸುತ್ತಲೂ ಏರಿ ಇರುವ 'ಸ್ಲುಫ್ಟರ್' ಎಂಬ ದೊಡ್ಡ ತೊಟ್ಟಿ ಕಟ್ಟಿ 1987ರಿಂದ ವಿಷದ ಕೆಸರನ್ನು ಅಲ್ಲಿ ಇಡತೊಡಗಿದರು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ನದಿಯ ಮೇಲ್ಗಡೆ, ಇನ್ನೊಂದು ದೇಶದಲ್ಲಿ, ಯಾವ ಕೊಳವೆ ಏನು ಬಿಡುತ್ತಿದೆ ಎಂದು ಅಳೆದು, ಕಾರ್ಖಾನೆಗಳ ಮುಂದೆ ಲೆಕ್ಕ ಇಟ್ಟು, ಒಪ್ಪದಿದ್ದರೆ ಕೋರ್ಟು ಎಂದರು. ಹಲವರು ಒಪ್ಪಂದಕ್ಕೆ ಬಂದರು. ಕೆಸರು ಶುದ್ಧವಾಗುತ್ತಾ ಬಂತು. ಆ ತೊಟ್ಟಿ ಅಂದುಕೊಂಡದ್ದಕ್ಕಿಂತ ಬಹಳ ನಿಧಾನವಾಗಿ ತುಂಬುತ್ತಿದೆ. ಬಂದರಿನವರೇ ನದಿಯ ಪರವಾಗಿ ನಿಂತದ್ದು ನಮಗೆ ಇಷ್ಟವಾದ ಸಂಗತಿ. ಬೈಕಂಪಾಡಿ ಕಡೆಯ ಹಳ್ಳಗಳು ಕಪ್ಪಾಗಿ ಹರಿಯುತ್ತವೆಂದು ಫಲ್ಗುಣಿ ದಡದವರು ವರ್ಷಗಳಿಂದ ಕೂಗುತ್ತಿದ್ದಾರೆ. ಆ ಕೂಗಿಗೆ ದನಿಗೂಡಿಸಿದ ಬಂದರನ್ನು ನಾವಿನ್ನೂ ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಮೀನುಗಾರಿಕಾ ಧಕ್ಕೆಯಲ್ಲಿ ಬೋಟಿನ ಸುಟ್ಟ ಎಣ್ಣೆಯನ್ನು ನೀರಿಗೆ ಚೆಲ್ಲುವವರು ಹೊರಗಿನವರಲ್ಲ. ಹರಿದ ಬಲೆ, ಪ್ಲಾಸ್ಟಿಕ್, ಥರ್ಮೋಕೋಲ್ ಯಾರದು? ಅಳಿವೆಯ ದಿಬ್ಬ ತೆಗೆಯುವ ಹೆಸರಿನಲ್ಲಿ ಮರಳನ್ನು ಲಾರಿಗೇರಿಸಿ ಕೇರಳದ ಕಟ್ಟಡಗಳಿಗೆ ಮಾರಿ ಕೊಬ್ಬಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ನಮ್ಮವರೂ ಇದ್ದಾರೆ. ಉಳಿದ ವಿಷಯಗಳಲ್ಲಿ ಮುಖ ನೋಡದ ನಮ್ಮ ಜನ ಈ ಒಂದು ದಂಧೆಯಲ್ಲಿ ತೋರಿಸುವ ಸೌಹಾರ್ದ ಕಂಡು ನಗಬೇಕೋ ಅಳಬೇಕೋ ತಿಳಿಯದು. ಉಳ್ಳಾಲದ ಕಡಲ್ಕೊರೆತದ ಬಗ್ಗೆ ಭಾಷಣ ಮಾಡಿ ಇಳಿದವರ ಅಂಗಳದಲ್ಲೇ ಮರಳಿನ ರಾಶಿ ನಾವು ನೋಡಿದ್ದೇವೆ.

ಕಾನೂನಿನಲ್ಲೂ ಒಂದು ಕಿಂಡಿಯಿದೆ. ಬಂದರನ್ನು ಹೊಸದಾಗಿ ಆಳ ಮಾಡುವುದಕ್ಕೆ ಪರಿಸರ ಅನುಮತಿ ಬೇಕು. ವರ್ಷವರ್ಷದ ಹೂಳೆತ್ತುವಿಕೆ ಮೂಲ ಯೋಜನೆಯಲ್ಲಿ ಸೇರಿ ಅನುಮತಿ ಪಡೆದಿದ್ದರೆ ಮತ್ತೆ ಬೇಡ ಎಂದು 2009ರ ತಿದ್ದುಪಡಿ ಹೇಳಿತು. ಒಂದು ಸಲ ಕೇಳಿದರೆ ಸಾಕು, ಆಮೇಲೆ ಐವತ್ತು ವರ್ಷ ಸುರಿಯುತ್ತಿರಬಹುದು. ಅಷ್ಟು ವರ್ಷಗಳಲ್ಲಿ ನದಿ ಬದಲಾಗಿರುತ್ತದೆ, ಕಾರ್ಖಾನೆ ಬಂದಿರುತ್ತದೆ, ಕೆಸರು ಅದೇ ಕೆಸರಾಗಿ ಉಳಿದಿರುವುದಿಲ್ಲ. ಪರೀಕ್ಷೆ ನಡೆಯುವುದೇ ಇಲ್ಲವೆಂದು ನಾವು ಆರೋಪಿಸುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದ ವರದಿ ಕಪಾಟಿನಲ್ಲಿದ್ದರೆ ಖಾಲಾರಿಗೆ ಅದರಿಂದೇನು ಪ್ರಯೋಜನ ಎಂದು ಕೇಳುತ್ತಿದ್ದೇವೆ. ಅಷ್ಟಕ್ಕೂ ಟೆಂಡರಿನಲ್ಲಿ ಎತ್ತುವ ದರದ ಪಕ್ಕದಲ್ಲೇ ಸುರಿಯುವ ಜಾಗ, ಪರೀಕ್ಷೆಯ ಫಲಿತಾಂಶ, ಮರಳಿದ್ದರೆ ಅದು ಯಾವ ದಡಕ್ಕೆ ಎಂದು ಬರೆಯಲು, ಅದು ತಪ್ಪಿದರೆ ಬಿಲ್ಲು ತಡೆಯಲು ಯಾವ ಹೊಸ ತಂತ್ರಜ್ಞಾನವೂ ಬೇಕಾಗಿಲ್ಲ. ಎರಡು ಪುಟ ಹೆಚ್ಚು ಕಾಗದ ಸಾಕು.

ಧಕ್ಕೆಯಲ್ಲಿ ಬೆಳಗ್ಗೆ ಬಂಗುಡೆಗೆ ಎಷ್ಟು, ಬೂತಾಯಿಗೆ ಎಷ್ಟು ಎಂಬುದು ಓದು ಬಾರದವರಿಗೂ ಗಂಟೆಯೊಳಗೆ ಗೊತ್ತಾಗುತ್ತದೆ. ಅಲ್ಲೇ ಒಂದು ಕಪ್ಪು ಹಲಗೆ ನೇತುಹಾಕಿ: ನಿನ್ನೆ ಎಷ್ಟು ಹೂಳು ಎತ್ತಿದೆವು, ಅದರಲ್ಲಿ ಏನಿತ್ತು, ಎಲ್ಲಿ ಸುರಿದೆವು. ಕನ್ನಡದಲ್ಲಿ ಬರೆಯಿರಿ, ಪಕ್ಕದಲ್ಲಿ ನಕ್ಷೆ ಇರಲಿ. ಮುಂದಿನ ಮಳೆ ನಿಂತು ಪಣಂಬೂರಿನ ಕಡಲಲ್ಲಿ ರಾತ್ರಿ ಡ್ರೆಜ್ಜರಿನ ದೀಪ ಕಾಣಿಸಿಕೊಳ್ಳುವ ಹೊತ್ತಿಗೆ ನಾವು ಖಾಲಾರನ್ನು ಕರೆದುಕೊಂಡು ಆ ಹಲಗೆ ನೋಡಲು ಬರುತ್ತೇವೆ.