ಧರ್ಮಪೀಠವೂ ಜ್ಞಾನಮಾರ್ಗವೂ

1633ನೆಯ ಇಸವಿಯ ಜೂನ್ 22ರಂದು ರೋಮ್ ನಗರದಲ್ಲಿ 69 ವರ್ಷದ ವೃದ್ಧ ವಿದ್ವಾಂಸನೊಬ್ಬನು ಕ್ರೈಸ್ತ ಧರ್ಮಪೀಠದ ನ್ಯಾಯಾಧಿಪತಿಗಳ ಎದುರು ಮೊಣಕಾಲೂರಿ, ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ಸಿದ್ಧಾಂತವನ್ನು ತಾನು ತ್ಯಜಿಸಿರುವುದಾಗಿ ಓದಿ ಹೇಳಬೇಕಾಯಿತು. ಅವನೇ ಗೆಲಿಲಿಯೋ. ಈ ಪ್ರಸಂಗವನ್ನು ಮುಂದಿಟ್ಟುಕೊಂಡು ಧರ್ಮಕ್ಕೂ ಜ್ಞಾನಕ್ಕೂ ಹುಟ್ಟುವೈರವೆಂದು ಸಾರುವವರು ಬಹಳ ಮಂದಿ. ನಮ್ಮ ಅಭಿಪ್ರಾಯದಲ್ಲಿ ಅದು ಆತುರದ ತೀರ್ಮಾನ. ನಡೆದುದೇನೆಂಬುದನ್ನು ಸಾವಧಾನದಿಂದ ನೋಡಿದರೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳ ಪಾಠವೊಂದು ದೊರೆಯುತ್ತದೆ.

ಭೂಮಿಯೇ ಚಲಿಸುತ್ತದೆಂಬ ವಾದವನ್ನು 1543ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕೊಪರ್ನಿಕಸನು ಸ್ವತಃ ಇಗರ್ಜಿಯ ಅಧಿಕಾರಿಗಳಲ್ಲೊಬ್ಬನು. 1610ರಲ್ಲಿ ಗೆಲಿಲಿಯೋ ತನ್ನ ದುರ್ಬೀನಿನಿಂದ ಗುರುಗ್ರಹವನ್ನು ನಾಲ್ಕು ಚಂದ್ರರು ಸುತ್ತುವುದನ್ನು ಕಂಡನು. ಮರುವರ್ಷವೇ ರೋಮಿನ ಜೆಸುಯಿಟ್ ಪಂಡಿತರು ತಾವೂ ಅವನ್ನು ನೋಡಿ ನಿಜವೆಂದು ಒಪ್ಪಿದರು. ದೈವಭಕ್ತನಾಗಿದ್ದ ಗೆಲಿಲಿಯೋ ಕೊನೆಯವರೆಗೂ ತನ್ನ ಧರ್ಮವನ್ನು ಬಿಟ್ಟವನಲ್ಲ. ಧರ್ಮಪೀಠದ ಹಿರಿಯ ಪಂಡಿತನಾದ ಕಾರ್ಡಿನಲ್ ಬೆಲ್ಲಾರ್ಮಿನನು ಸಹ, ಭೂಮಿಯ ಚಲನೆಗೆ ನಿಜವಾದ ಪ್ರಮಾಣ ದೊರೆತುದಾದರೆ ಶಾಸ್ತ್ರವಚನವನ್ನು ಅರ್ಥೈಸುವಲ್ಲಿ ತಾವೇ ಎಚ್ಚರ ವಹಿಸಬೇಕಾಗುವುದೆಂದು 1615ರ ಪತ್ರವೊಂದರಲ್ಲಿ ಬರೆದಿದ್ದನು.

ಹೀಗೆ ಸಮಾಧಾನದ ಬಾಗಿಲು ತೆರೆದಿದ್ದರೂ ಅಧಿಕಾರವು ಪ್ರಮಾಣಕ್ಕಾಗಿ ಕಾಯಲಿಲ್ಲ. 1616ರಲ್ಲಿ ಆ ಸಿದ್ಧಾಂತವು ಶಾಸ್ತ್ರವಿರುದ್ಧವೆಂದು ಘೋಷಿತವಾಯಿತು. ಕೊಪರ್ನಿಕಸನ ಗ್ರಂಥವನ್ನು ತಿದ್ದುವವರೆಗೆ ತಡೆಹಿಡಿಯಲಾಯಿತು. 1632ರಲ್ಲಿ ಗೆಲಿಲಿಯೋ ತನ್ನ ಸಂವಾದಗ್ರಂಥವನ್ನು ಪಂಡಿತರ ಲ್ಯಾಟಿನ್ ಭಾಷೆಯಲ್ಲಿ ಬರೆಯದೆ, ಜನಸಾಮಾನ್ಯರ ಇಟಾಲಿಯನ್ ಭಾಷೆಯಲ್ಲಿ ಬರೆದು ಪ್ರಕಟಿಸಿದನು. ಅದರ ಮಾರಾಟ ನಿಂತಿತು. ಅವನು ವಿಚಾರಣೆಗೆ ಗುರಿಯಾದನು. ಹತ್ತು ಮಂದಿ ನ್ಯಾಯಾಧಿಪತಿಗಳಲ್ಲಿ ಮೂವರ ಸಹಿ ತೀರ್ಪಿನ ಮೇಲೆ ಬೀಳಲಿಲ್ಲವೆಂಬುದು ಗಮನಾರ್ಹ. ಆದರೂ 1642ರಲ್ಲಿ ಸಾಯುವವರೆಗೆ ಅವನಿಗೆ ಬಂಧನ ತಪ್ಪಲಿಲ್ಲ. ಕೊನೆಯ ವರ್ಷಗಳನ್ನು ಫ್ಲಾರೆನ್ಸಿನ ಬಳಿಯ ತನ್ನ ಮನೆಯಲ್ಲಿಯೇ ಬಂದಿಯಾಗಿ ಕಳೆದನು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಗೆಲಿಲಿಯೋನ ಬಳಿಯೂ ಪೂರ್ಣ ಪ್ರಮಾಣವಿರಲಿಲ್ಲ. ಭೂಮಿಯ ಚಲನೆಯಿಂದಲೇ ಸಮುದ್ರದಲ್ಲಿ ಉಬ್ಬರವಿಳಿತಗಳಾಗುತ್ತವೆಂಬುದು ಅವನ ಮುಖ್ಯ ವಾದವಾಗಿತ್ತು. ಆ ವಾದ ತಪ್ಪು. ಕಡಲು ದಿನಕ್ಕೆ ಎರಡು ಬಾರಿ ಉಬ್ಬುವುದೆಂದು ಕರಾವಳಿಯಿಂದ ಬಂದ ನಮ್ಮ ವಾಚಕರು ಬಾಲ್ಯದಿಂದಲೇ ಬಲ್ಲರು. ಅವನ ಲೆಕ್ಕದಲ್ಲಿ ಸಹಜವಾಗಿ ಸಿಗುತ್ತಿದ್ದುದು ಒಂದೇ ಉಬ್ಬರ. 1687ರಲ್ಲಿ ನ್ಯೂಟನ್ನನು ಚಂದ್ರ ಸೂರ್ಯರ ಆಕರ್ಷಣೆಯೇ ಇದಕ್ಕೆ ಕಾರಣವೆಂದು ತೋರಿಸಿದನು. ವಿಜ್ಞಾನಿಯ ತಪ್ಪು 55 ವರ್ಷಗಳಲ್ಲಿ ತಿದ್ದಿಹೋಯಿತು. ಅದಕ್ಕಾಗಿ ಯಾರನ್ನೂ ಸೆರೆಯಲ್ಲಿಡಬೇಕಾಗಲಿಲ್ಲ, ಯಾರೂ ಮೊಣಕಾಲೂರಬೇಕಾಗಲಿಲ್ಲ.

ಪೀಠದ ತಪ್ಪಿನ ಗತಿಯೇನು? ಭೂಚಲನೆಯ ಗ್ರಂಥಗಳ ಮೇಲಿದ್ದ ಸಾಮಾನ್ಯ ನಿಷೇಧವು 1758ರಲ್ಲಿ ಹೋಯಿತು. ಗೆಲಿಲಿಯೋನ ಸಂವಾದವು ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಮಾಯವಾದುದು 1835ರಲ್ಲಿ. ಅವನನ್ನು ವಿಚಾರಿಸಿದವರು ತಪ್ಪಿದರೆಂದು ಪೋಪ್ ಎರಡನೆಯ ಜಾನ್ ಪಾಲರು ಬಹಿರಂಗವಾಗಿ ಒಪ್ಪಿಕೊಂಡುದು 1992ರಲ್ಲಿ. ಅಂದರೆ 359 ವರ್ಷಗಳು!

ಒಂದು 55, ಇನ್ನೊಂದು 359. ಈ ಅಂತರಕ್ಕೆ ಕಾರಣ ವಿಜ್ಞಾನಿಗಳ ಜಾಣತನವಲ್ಲ, ಪುರೋಹಿತರ ದಡ್ಡತನವೂ ಅಲ್ಲ. ಜ್ಞಾನದ ಅಂಗಳದಲ್ಲಿ ಎಂಥ ಹಿರಿಯನ ತಪ್ಪನ್ನೂ ಎಂಥ ಕಿರಿಯನೂ ಎತ್ತಿ ತೋರಿಸಬಹುದು. ಅದಕ್ಕೆ ಅನುಮತಿ ಬೇಕಿಲ್ಲ, ಪ್ರಮಾಣವಿದ್ದರೆ ಸಾಕು. ಪೀಠವಾದರೋ ತನ್ನ ಮಾತಿನೊಡನೆ ತನ್ನ ಗೌರವವನ್ನೂ ಕಟ್ಟಿಹಾಕಿಕೊಳ್ಳುತ್ತದೆ. ಆಗ ತಪ್ಪನ್ನು ತೋರಿಸಿದವನು ದ್ರೋಹಿಯೆನಿಸುತ್ತಾನೆ. ತಪ್ಪು ಮಾತ್ರ ಸುರಕ್ಷಿತವಾಗಿ ಉಳಿಯುತ್ತದೆ.

ಇದು ಪರಧರ್ಮದ ದೋಷವೆಂದು ನಾವು ಬೀಗಬೇಕಾಗಿಲ್ಲ. ವೇದಾಧ್ಯಯನವನ್ನು ಶೂದ್ರರಿಗೂ ಸ್ತ್ರೀಯರಿಗೂ ನಿಷೇಧಿಸಿದವರು ನಮ್ಮವರೇ. 1848ರಲ್ಲಿ ಫುಲೆ ದಂಪತಿಗಳು ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಾಗ, ಪಾಠ ಹೇಳಲು ಹೊರಟ ಸಾವಿತ್ರೀಬಾಯಿಯವರ ಮೇಲೆ ಸಗಣಿ ಎರಚಿದವರು ಸಹ ಧರ್ಮರಕ್ಷಣೆಯ ಹೆಸರನ್ನೇ ಹೇಳಿದರು.

ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಪರಂಪರೆ ನಮ್ಮದು. ಓದು ಯಾರದೋ ಕೃಪೆಯಿಂದ ದೊರೆಯುವ ಪ್ರಸಾದವಲ್ಲ, ದುಡಿದು ಗಳಿಸುವ ಸ್ವತ್ತು ಎಂಬುದನ್ನು ಅಂಥವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಗುಡಿಗೆ ಹೋಗುವವರು ಹೋಗಲಿ, ಗುರುಗಳಿಗೆ ನಮಿಸುವವರು ನಮಿಸಲಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಮನೆಯ ಮಗು "ಇದು ಹೀಗೇಕೆ?" ಎಂದು ಕೇಳಿದಾಗ "ಹಿರಿಯರು ಹೇಳಿದ್ದಾರೆ, ಸುಮ್ಮನಿರು" ಎಂದು ಅದರ ಬಾಯಿ ಮುಚ್ಚಿಸಬಾರದು. ಉತ್ತರ ತಿಳಿದಿದ್ದರೆ ಹೇಳಬೇಕು. ತಿಳಿಯದಿದ್ದರೆ "ಬಾ, ನೋಡೋಣ" ಎನ್ನಬೇಕು. ಅಷ್ಟನ್ನು ನಾವು ಮಾಡಿದರೆ, ನಮ್ಮ ತಪ್ಪುಗಳನ್ನು ತಿದ್ದಲು ನಮ್ಮ ಮಕ್ಕಳು ಮುನ್ನೂರು ವರ್ಷ ಕಾಯಬೇಕಾಗಲಾರದು.