ಟನ್ ಲೆಕ್ಕದಲ್ಲಿ ಮರೆಯಾಗುವ ಸಾವುಗಳು

ಭಾರತದ ಕಲ್ಲಿದ್ದಲು ಗಣಿಗಳ ಸಾವಿನ ಪ್ರಮಾಣವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಹತ್ತು ಲಕ್ಷ ಟನ್ ಕಲ್ಲಿದ್ದಲಿಗೆ ಎಷ್ಟು ಮಂದಿ ಸತ್ತರು ಎಂಬುದು ಒಂದು, ಕಾರ್ಮಿಕರು ದುಡಿದ ಮೂರು ಲಕ್ಷ ಪಾಳಿಗಳಿಗೆ ಎಷ್ಟು ಮಂದಿ ಎಂಬುದು ಇನ್ನೊಂದು. ಸುರಕ್ಷತೆ ಹೆಚ್ಚಿದೆ ಎಂದು ಹೇಳಿಕೊಳ್ಳಲು ಅನುಕೂಲವಾಗಿರುವುದು ಮೊದಲನೆಯದು. ಕಾರ್ಮಿಕನ ಜೀವದ ಮಟ್ಟಿಗೆ ಅದು ತಪ್ಪು ಅಳತೆ.

ದೇಶದ ಕಲ್ಲಿದ್ದಲಿನಲ್ಲಿ ಶೇ 90ಕ್ಕೂ ಹೆಚ್ಚು ಇಂದು ತೆರೆದ ಗಣಿಗಳಿಂದ ಬರುತ್ತದೆ. ಅಲ್ಲಿ ದೈತ್ಯ ಯಂತ್ರಗಳು ಅಗೆದು ಡಂಪರ್‌ಗೆ ತುಂಬುವುದರಿಂದ ತಲಾ ಉತ್ಪಾದನೆ ನೆಲದಡಿಯ ಗಣಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟೇ ಜನ ದುಡಿದು, ಅಷ್ಟೇ ಜನ ಸತ್ತು, ಉತ್ಪಾದನೆ ಮಾತ್ರ ದುಪ್ಪಟ್ಟಾದರೆ ಟನ್ ಲೆಕ್ಕದ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಗಣಿಗಿಳಿಯುವವನ ಅಪಾಯ ಕಿಂಚಿತ್ತೂ ತಗ್ಗಿರುವುದಿಲ್ಲ.

ಸುಧಾರಣೆ ಆಗಿಯೇ ಇಲ್ಲವೆಂದಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ಹಳೆಯ ಸುರಂಗಗಳಲ್ಲಿ ನಿಂತಿದ್ದ ನೀರು ನುಗ್ಗಿ 375 ಮಂದಿ ಸತ್ತರು. ಅಷ್ಟು ದೊಡ್ಡ ದುರಂತ ದೇಶದಲ್ಲಿ ಮತ್ತೆ ನಡೆದಿಲ್ಲ. ಆದರೆ ಹಳೆಯ ಕಾರಣ ಹೋಗಲಿಲ್ಲ. ಪಾಳುಬಿದ್ದ ಸುರಂಗದಿಂದ 60 ಮೀಟರ್ ಒಳಗೆ ಕೆಲಸ ಸಾಗಿದರೆ, ಮುಂದಿನ ಗೋಡೆಗೆ ಮೊದಲೇ ರಂಧ್ರ ಕೊರೆದು ಆಚೆ ನೀರಿದೆಯೇ ಎಂದು ಪರೀಕ್ಷಿಸಬೇಕೆಂಬ ನಿಯಮ 1957ರಿಂದಲೇ ಇದೆ. ಹೀಗಿದ್ದೂ 2001ರಲ್ಲಿ ಬಾಗ್ಡಿಗಿ ಗಣಿಗೆ ಪಕ್ಕದ ಹಳೆಯ ಗಣಿಯ ನೀರು ನುಗ್ಗಿ 29 ಜೀವ ಹೋಯಿತು. ಸರಿಯಾದ ನಕ್ಷೆ ಮತ್ತು ಒಂದು ಸಣ್ಣ ರಂಧ್ರದಿಂದ ಹಿಡಿಯಬಹುದಾದ ಅಪಾಯವನ್ನು ಆಕಸ್ಮಿಕ ಎನ್ನಲಾಗದು.

ತೆರೆದ ಗಣಿಯೂ ನಿರಪಾಯವಲ್ಲ. 2016ರ ಡಿಸೆಂಬರ್ 29ರ ರಾತ್ರಿ ಜಾರ್ಖಂಡದ ಲಾಲ್‌ಮಟಿಯಾದಲ್ಲಿ ಅಗೆದು ಸುರಿದಿದ್ದ ಮಣ್ಣಿನ ರಾಶಿ ಕುಸಿದು, ಯಂತ್ರಗಳ ಸಮೇತ 23 ಮಂದಿಯನ್ನು ಹೂತುಹಾಕಿತು. ಅವರೆಲ್ಲ ಗುತ್ತಿಗೆ ಕಂಪನಿಯ ಕಾರ್ಮಿಕರು. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಗಣಿಯ ಒಡೆಯರ ಹೊಣೆ ಕಳಚಿಕೊಳ್ಳುವುದಿಲ್ಲ.

ಇನ್ನು ಅಕ್ರಮ ಗಣಿಗಳ ಸಾವು ಈ ಲೆಕ್ಕಕ್ಕೇ ಬಾರದು. ಮೇಘಾಲಯದಲ್ಲಿ ಇಲಿಬಿಲದಂಥ ಕಿರುಸುರಂಗಗಳ ಗಣಿಗಾರಿಕೆಯನ್ನು ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಕ್ಸಾನ್‌ನಲ್ಲಿ ನೀರು ತುಂಬಿ 15 ಮಂದಿ ಸಿಲುಕಿದರು; ಬಹುತೇಕರ ಶವವೂ ಸಿಗಲಿಲ್ಲ. 2025ರ ಜನವರಿಯಲ್ಲಿ ಅಸ್ಸಾಂನ ಉಮ್ರಾಂಗ್ಸೋದಲ್ಲಿ ಗಣಿಗೆ ನೀರು ನುಗ್ಗುವ ದುರಂತ ಮರುಕಳಿಸಿತು. ದೂಳು ಕುಡಿದ ಶ್ವಾಸಕೋಶದೊಂದಿಗೆ ನಿವೃತ್ತನಾಗಿ ಊರಲ್ಲಿ ಕೊನೆಯುಸಿರೆಳೆಯುವವನೂ ಅಪಘಾತದ ಪಟ್ಟಿಯ ಹೊರಗೆ.

ಆದ್ದರಿಂದ ಪಾಳಿಯ ಲೆಕ್ಕವನ್ನೇ ಮೊದಲ ಅಳತೆಯಾಗಿ ಪ್ರಕಟಿಸಬೇಕು. ಗುತ್ತಿಗೆ ಕಾರ್ಮಿಕರ ಸಾವನ್ನು ಗಣಿವಾರು ಬಿಡಿಸಿ ತೋರಿಸಬೇಕು. ಅಕ್ರಮ ಗಣಿಗಳ ಸಾವಿಗೂ ದೂಳಿನ ಕಾಯಿಲೆಗೂ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ದಾಖಲೆಯಲ್ಲಿ ಪ್ರತ್ಯೇಕ ಪುಟ ಇರಬೇಕು. ಕೊಳ್ಳುವವರಿಗೂ ಇದರಲ್ಲಿ ಪಾಲಿದೆ. ಸಿಂಗರೇಣಿ ಕಲ್ಲಿದ್ದಲನ್ನು ಉರಿಸುವ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಸರ್ಕಾರಿ ಗ್ರಾಹಕರು ಗುಣಮಟ್ಟ, ತೂಕದ ಜತೆಗೆ ಗಣಿಯ ಸಾವು-ನೋವಿನ ದಾಖಲೆಯನ್ನೂ ಖರೀದಿ ಒಪ್ಪಂದದ ಷರತ್ತಾಗಿಸಬಹುದು.