ಹಳೇ ಹತ್ಯಾರ ಕೊಳ್ಳೋದು ಬಡತನವಲ್ಲ, ಬುದ್ಧಿ

ಮದುವೆ ಸೀಸನ್ ಮುಗಿದ ಮೇಲೆ ಬ್ಯಾಂಡ್ ಕಂಪನಿಯವರ ಮನೆಯಲ್ಲಿ ಉಳಿಯುವುದು ಏನು? ನೆಗ್ಗಿದ ಟ್ರಂಪೆಟ್, ಸೊಟ್ಟಾದ ಯುಫೋನಿಯಂ. ಟೆಂಪೋದಲ್ಲಿ ಒಂದರ ಮೇಲೊಂದು ಹೇರಿದ ಹಿತ್ತಾಳಿ ನೆಗ್ಗದೇ ಇನ್ನೇನಾದೀತು?

"ಗುಜರಿಗೆ ಹಾಕ್ರಿ, ಹೊಸದು ತಗೋರಿ" ಅನ್ನುವವರು ಬಹಳ. ಈ ಮಾತನ್ನು ನಾವು ಒಪ್ಪುವುದಿಲ್ಲ. ನೆಗ್ಗಿದ ವಾದ್ಯದಲ್ಲಿ ಹಿತ್ತಾಳಿ ಕಡಿಮೆಯಾಗಿರುವುದಿಲ್ಲ, ಜಾಗ ಬಿಟ್ಟಿರುತ್ತದೆ ಅಷ್ಟೆ. ಅದನ್ನು ಮೊದಲಿನ ಜಾಗಕ್ಕೆ ತರುವ ಹತ್ಯಾರ ಬೇಕು. ಮೀರತ್‌ನಿಂದ ಹೊಸ ವಾದ್ಯ ತರಿಸುವ ರೊಕ್ಕದ ಮುಂದೆ ಅದರ ಖರ್ಚು ದೊಡ್ಡದಲ್ಲ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಚಲೋ.

"ಹಳೇ ಹತ್ಯಾರ ತಗೊಂಡು ಏನು ಮಾಡೋದು?" ಎಂದು ಮೂಗು ಮುರಿಯುವವರಿಗೆ ಒಂದು ಪ್ರಶ್ನೆ. ನಿಮ್ಮೂರಿನ ಕಮ್ಮಾರಸಾಲಿಯ ಅಡಿಗಲ್ಲು ಯಾರ ಕಾಲದ್ದು? ಉಕ್ಕಿನ ಗುಂಡು, ಸಲಾಕೆ, ಸುತ್ತಿಗೆಗೆ ಬ್ಯಾಟರಿ ಇಲ್ಲ, ಎಕ್ಸ್‌ಪೈರಿ ಡೇಟ್ ಇಲ್ಲ. ಚೆನ್ನಾಗಿ ಇಟ್ಟರೆ ಮೂರು ತಲೆಮಾರು ದುಡಿಯುತ್ತವೆ.

ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಇಷ್ಟು ನೋಡಿಕೊಳ್ಳಿ:

1. ಗುಂಡು: ಕೊಳವೆಯ ಒಳಗೆ ಹೋಗಿ ನೆಗ್ಗನ್ನು ಎತ್ತುವುದು ಇದೇ. ಮೈಮೇಲೆ ಗೀರು, ತುಕ್ಕಿನ ಕುಳಿ ಇದ್ದರೆ ಆ ಗುರುತೆಲ್ಲ ಹಿತ್ತಾಳಿಗೆ ಬೀಳುತ್ತದೆ. ಗಾಜಿನ ಮೇಲೆ ಉರುಳಿಸಿ ನೋಡಿ. ವರ್ನಿಯರ್‌ನಲ್ಲಿ ಅಳೆಯಿರಿ. ಟ್ರಂಪೆಟ್ ಕೊಳವೆಯ ಒಳಅಳತೆ ಸುಮಾರು 11.7 ಮಿ.ಮೀ. ದೊಡ್ಡ ಗುಂಡುಗಳಷ್ಟೇ ಇರುವ ಸೆಟ್ ಅದಕ್ಕೆ ಉಪಯೋಗವಿಲ್ಲ.

2. ಸಲಾಕೆ: ನೆಟ್ಟಗಿರಬೇಕು, ಇಲ್ಲವೇ ಬೇಕೆಂದೇ ಬಾಗಿಸಿದ್ದಾಗಿರಬೇಕು. ತುದಿ ಉಜ್ಜಿ ಹೊಳೆಯುವಂತಿರಬೇಕು.

3. ಸುತ್ತಿಗೆ: ಮುಖದ ಮೇಲೆ ಒಂದು ಸಣ್ಣ ಕಚ್ಚೂ ಇರಬಾರದು. ಬಾಯಿಯ ಅಗಲ ಭಾಗಕ್ಕೆ ಕಟ್ಟಿಗೆಯ ಅಥವಾ ಚರ್ಮದ ಕೊಡತಿ ಸಾಕು.

4. ಅಯಸ್ಕಾಂತ: ಒಳಗೆ ಉಕ್ಕಿನ ಗುಂಡು ಬಿಟ್ಟು, ಹೊರಗಿನಿಂದ ಜೋರಾದ ಅಯಸ್ಕಾಂತದಿಂದ ಎಳೆದು ನೆಗ್ಗು ತೆಗೆಯುವ ಪದ್ಧತಿ ಇದೆ. ಹಿತ್ತಾಳಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಉಕ್ಕಿಗೆ ಹಿಡಿಯುತ್ತದೆ. ಅದೇ ಇದರ ಗುಟ್ಟು. ಬೆರಳು ಸಿಕ್ಕಿಸಿಕೊಳ್ಳಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಹತ್ತಿರ ಬರಬಾರದು.

ಇದಕ್ಕೆ ಬೇಕಾದ ಗುಂಡು ಅಮೆರಿಕದಿಂದಲೇ ಬರಬೇಕಿಲ್ಲ. ಟ್ರ್ಯಾಕ್ಟರ್, ಲಾರಿಯ ಹಳೇ ಬೇರಿಂಗ್ ಒಡೆದರೆ ಗಟ್ಟಿ ಉಕ್ಕಿನ ಗುಂಡುಗಳೇ ಸಿಗುತ್ತವೆ. ಮಿಶ್ರಿಕೋಟಿಯಿಂದ ಹುಬ್ಬಳ್ಳಿಯ ಗುಜರಿ ಅಂಗಡಿಗಳು ಎಷ್ಟು ದೂರ?

ಒಂದು ಎಚ್ಚರಿಕೆ. ಪಿಸ್ಟನ್ ಓಡಾಡುವ ವಾಲ್ವ್ ಭಾಗಕ್ಕೆ ಕೈ ಹಚ್ಚಬೇಡಿ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅದು ಪಳಗಿದವರ ಕೆಲಸ.

ಈಗ ಸರಕಾರದ ಮಾತಿಗೆ ಬರೋಣ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಪಟ್ಟಿಯಲ್ಲಿ 18 ಕಸುಬುಗಳಿವೆ. ಕಮ್ಮಾರರಿದ್ದಾರೆ, ಬೀಗ ಮಾಡುವವರಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ಸುತ್ತಿಗೆ ಮತ್ತು ಹತ್ಯಾರ ಮಾಡುವವರೂ ಇದ್ದಾರೆ. ಇರಲಿ, ಇರಬೇಕಾದವರೇ. ಆದರೆ ಆ ಸುತ್ತಿಗೆ ಹಿಡಿದು ವಾದ್ಯ ರಿಪೇರಿ ಮಾಡುವವರ ಹೆಸರು ಎಲ್ಲಿ? ವಾದ್ಯ ರಿಪೇರಿ ಕಸುಬಲ್ಲವೇ?

ಹತ್ಯಾರಕ್ಕೆಂದು ಯೋಜನೆ ಕೊಡುವ 15,000 ರೂಪಾಯಿಯೂ ಇ-ವೋಚರ್ ರೂಪದಲ್ಲಿ. ಕಸುಬು ಬಿಡುತ್ತಿರುವ ಹಿರಿಯನ ಪೆಟ್ಟಿಗೆಯಲ್ಲಿರುವ ಚಿನ್ನದಂಥ ಹಳೇ ಹತ್ಯಾರವನ್ನು ಇ-ವೋಚರ್ ತೋರಿಸಿ ಕೊಳ್ಳಲಾದೀತೇ? ಕಸುಬು ಉಳಿಸುತ್ತೇವೆ ಎನ್ನುವವರು ಆ ಪೆಟ್ಟಿಗೆ ಗುಜರಿ ಸೇರುವುದನ್ನು ನೋಡುತ್ತ ಕೂತರೆ ಹೇಗೆ?

ನಾವು ಕೇಳುವುದು ಎರಡೇ. ವಾದ್ಯ ರಿಪೇರಿಯನ್ನು ಪಟ್ಟಿಗೆ ಸೇರಿಸಿ. ಹಳೇ ಹತ್ಯಾರ ಕೊಳ್ಳಲೂ ನೆರವು ಕೊಡಿ.

ಬ್ಯಾಂಡಿನವರಿಗೂ ಒಂದು ಮಾತು. ಸರಕಾರ ಎಚ್ಚರಾಗುವ ತನಕ ಕಾಯಬೇಡಿ. ಒಂದೊಂದು ಕಂಪನಿ ಒಂದೊಂದು ಸೆಟ್ ಕೊಳ್ಳಬೇಕಿಲ್ಲ. ಮಿಶ್ರಿಕೋಟಿ, ಕಲಘಟಗಿ, ಕುಂದಗೋಳ ಕಡೆಯ ನಾಲ್ಕು ಬ್ಯಾಂಡ್‌ಗಳು ಪಟ್ಟಿ ಎತ್ತಿ ಒಂದು ಸೆಟ್ ತಂದರೆ ಸಾಕು. ಕೈ ಸ್ಥಿರವಿರುವ ಒಬ್ಬ ಹುಡುಗನಿಗೆ ಕಲಿಸಿ. ಮೊದಲು ಗುಜರಿಯ ಒಡಕು ವಾದ್ಯದ ಮೇಲೆ ಕೈ ಪಳಗಲಿ.

ಡಿಜೆ ಬಂದು ಬ್ಯಾಂಡ್ ಹಾಳಾಯಿತು ಎಂದು ದೂರುವುದು ಸುಲಭ. ನೆಗ್ಗಿದ ಟ್ರಂಪೆಟ್ ಹಿಡಿದು ಅಪಸ್ವರ ಊದಿದರೆ ಡಿಜೆಗೆ ದಾರಿ ಬಿಟ್ಟವರು ಯಾರು?